ಕಾಗದದಲ್ಲಿ ಹದಿಮೂರು

ಹೋದ ತಿಂಗಳು ಟಿ. ನಗರದಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು. ಬಸ್ ನಿಲ್ದಾಣದ ಪಕ್ಕ ಛತ್ರಿ ಬಿಚ್ಚಿಕೊಂಡು ಕೂತಿದ್ದ ರಿಪೇರಿಯವನ ಮುಂದೆ ಒಂಟಿ ಕಾಲಿನಲ್ಲಿ ನಿಂತೆ. ಆತ ಹೊಲಿಗೆ ಹಾಕುವ ಮೊದಲು ಒಂದು ಡಬ್ಬಿಯ ಮುಚ್ಚಳ ತೆಗೆದು, ತೋರುಬೆರಳು ಅದ್ದಿ, ಬಾರಿಗೆ ಅಂಟು ಸವರಿದ. ಪೆಟ್ರೋಲಿನಂಥ, ಅತಿಯಾಗಿ ಮಾಗಿದ ಹಣ್ಣಿನಂಥ ಆ ವಾಸನೆ ಮೂಗಿಗೆ ಬಡಿಯಿತು. ನಾನು ಛತ್ರಿಯ ಕೋಲು ಹಿಡಿದುಕೊಂಡೆ. "ಎನ್ನಮ್ಮಾ, ತಲೆ ಸುತ್ತುದಾ?" ಎಂದು ಕೇಳಿದ. ಇಲ್ಲ ಎಂದೆ. ಅಂಟು ಒಣಗುವ ಮೊದಲೇ ಚಪ್ಪಲಿ ಇಸಿದುಕೊಂಡು ನಡೆದುಬಿಟ್ಟೆ.

ನನ್ನ ತಂಗಿ ನಾಗರತ್ನ ಹೋಗಿ ಹನ್ನೊಂದು ವರ್ಷವಾಯಿತು. ಅವಳ ಬಗ್ಗೆ ಈವರೆಗೆ ಒಂದು ಸಾಲೂ ಬರೆದಿಲ್ಲ. ಬರೆದು ಅಭ್ಯಾಸವಿರುವವಳೂ ನಾನಲ್ಲ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ನನ್ನ ಓದು. ಆ ಒಂದು ವರ್ಷ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೊಂಬತ್ತೆಂಟನೇ ಇಸವಿಯಲ್ಲಿ ನಾವು ಮದರಾಸಿನ ತುದಿಯ ತಿರುವೊಟ್ಟಿಯೂರಿನಲ್ಲಿದ್ದೆವು. ಅಪ್ಪ, ನಾನು, ನಾಗು, ಮೂರೇ ಜನ. ಅವ್ವ ಊರಿನಲ್ಲಿದ್ದಾಗಲೇ ವರ್ಷಗಟ್ಟಲೆ ಹಾಸಿಗೆ ಹಿಡಿದು ತೀರಿಕೊಂಡಿದ್ದಳು. ಅದಾದ ಮೇಲೆ ಅಪ್ಪನಿಗೆ ಇಲ್ಲಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಸಿಕ್ಕಿ, ನಾವು ಬಂದು ಐದು ವರ್ಷವಾಗಿತ್ತು. ಆ ವರ್ಷದ ಮೊದಲಲ್ಲೇ ಕಾರ್ಖಾನೆಗೆ ಬೀಗ ಬಿತ್ತು. ಇಂದು ತೆಗೆಯುತ್ತಾರೆ, ನಾಳೆ ತೆಗೆಯುತ್ತಾರೆ ಎಂದು ಅಪ್ಪ ದಿನವೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಗೇಟಿನ ಮುಂದೆ ನಿಂತು ಬರುತ್ತಿದ್ದರು. ನಾನು ತಂಡಯಾರ್‌ಪೇಟೆಯ ಒಂದು ಕಂಪನಿಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಕೂರುತ್ತಿದ್ದೆ. ಹೆಂಗಸರ ಚರ್ಮದ ಪರ್ಸು ಮಾಡಿ ಹೊರದೇಶಕ್ಕೆ ಕಳಿಸುವ ಕಂಪನಿ. ಎಂಟನೇ ಕ್ಲಾಸಿನ ಪರೀಕ್ಷೆ ಮುಗಿದ ಮಾರನೆಯ ದಿನವೇ ನಾಗು ನನ್ನ ಜೊತೆ ಬಸ್ಸು ಹತ್ತಿದಳು.

ಆಗ ಅವಳಿಗೆ ಹದಿನಾರು ತುಂಬಿ ಎಂಟು ತಿಂಗಳು. ಅವ್ವನ ಕಾಯಿಲೆಯ ವರ್ಷಗಳಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣದೆ ಬೆಳೆದವಳು, ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಕಂಡಕ್ಟರು ಕೇಳದೆಯೇ ಅವಳಿಗೆ ಅರ್ಧ ಟಿಕೆಟ್ ಹರಿಯುತ್ತಿದ್ದ. ಅದನ್ನು ಅವಳು ಸಹಿಸುತ್ತಿರಲಿಲ್ಲ.

"ಅಣ್ಣಾ, ಫುಲ್ ಟಿಕೆಟ್ ಕುಡುಂಗ."

"ಕೊಟ್ಟರೆ ಸುಮ್ನೆ ಈಸ್ಕೊಳ್ಳೇ," ಎಂದು ನಾನು ಚಿವುಟುತ್ತಿದ್ದೆ.

"ಪೋ ಅಕ್ಕಾ. ನಂಗೆ ಹದಿನಾರು. ಅರ್ಧ ಬೇಕಾದ್ರೆ ನೀನು ತಗೋ."

ಇಡೀ ಬಸ್ಸು ನಗುತ್ತಿತ್ತು. ಅವಳಿಗೆ ಕನ್ನಡ ಬರುತ್ತಿದ್ದರೂ ಹತ್ತು ಮಾತಿನಲ್ಲಿ ಆರು ತಮಿಳಿನಲ್ಲೇ ಬರುತ್ತಿತ್ತು. ಬೈಯುವುದಂತೂ ಪೂರ್ತಿ ತಮಿಳಿನಲ್ಲಿ.

ಕಂಪನಿಯಲ್ಲಿ ಅವಳಿಗೆ ಸಿಕ್ಕಿದ್ದು ಪರ್ಸಿನ ಅಂಚಿನಲ್ಲಿ ಉಳಿದ ದಾರದ ತುದಿ ಕತ್ತರಿಸುವ ಕೆಲಸ. ಆ ಕೆಲಸಕ್ಕೆ ನೆಲದ ಮೇಲೆ ಸಾಲಾಗಿ ಕೂತವರಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳೂ ಇದ್ದರು. ಆಗ ಯಾರೂ ಯಾವ ಕಾಗದವನ್ನೂ ಕೇಳುತ್ತಿರಲಿಲ್ಲ.

ಮೇ ತಿಂಗಳಲ್ಲಿ ಕಾಗದ ಕೇಳುವ ಕಾಲ ಬಂತು. ನಮ್ಮ ಪರ್ಸು ಕೊಳ್ಳುವ ದೇಶದಿಂದ ಏನೋ ಪತ್ರ ಬಂದಿದೆ ಎಂದು ಮೊದಲು ಗುಸುಗುಸು. ಆಮೇಲೆ ಪರ್ಸನೆಲ್ ಆಫೀಸರ್ ಶ್ರೀನಿವಾಸ ರಾಯರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ತಮಿಳಿನಲ್ಲಿ ಹೇಳಿದರು. ನನ್ನನ್ನು ಆಮೇಲೆ ಕರೆದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ರಾಯರ ಮನೆತನ ಮೂರು ತಲೆಮಾರಿನಿಂದ ಮದರಾಸಿನದು. ಮನೆಯೊಳಗೆ ಕನ್ನಡ. ನಾನು ಕನ್ನಡದವಳು ಎಂದು ಗೊತ್ತಾದ ದಿನದಿಂದ ನನ್ನ ಮೇಲೆ ಒಂದಿಷ್ಟು ಕರುಣೆ ಇಟ್ಟಿದ್ದರು.

"ನೋಡಮ್ಮಾ ಜಯಾ, ಆ ದೇಶದಲ್ಲಿ ಲಾ ತರ್ತಾರಂತೆ. ಹದಿನಾಲ್ಕರ ಕೆಳಗಿನ ಕುಳಂದೆಗಳ, ಮಕ್ಕಳ ಕೈಲಿ ಮಾಡಿಸಿದ ಸಾಮಾನು ಅಂದ್ರೆ ಅಂಗಡಿಗೇ ಬಿಡಲ್ವಂತೆ. ಲಾ ಬರೋದು ಬಿಡೋದು ದೇವರಿಗೇ ಗೊತ್ತು. ನಮ್ಮ ಪರ್ಸು ಕೊಳ್ಳೋ ಬಯರು ಮಾತ್ರ ಈಗ್ಲೇ ಲೇಬಲ್ ಕೇಳ್ತಾನೆ. ಒಂದೊಂದು ಪರ್ಸೊಳಗೂ ಲೇಬಲ್ ಇರಬೇಕು, ತೆರಿಯುದಾ, ಗೊತ್ತಾಯ್ತಾ? ನಿನ್ನ ಹೊಲಿಗೆ ನೇರ ಬರತ್ತೆ. ಆ ಕೆಲಸ ನಿನಗೇ."

ಅದು ಬಿಳಿ ಸ್ಯಾಟಿನ್ನಿನ, ಹೆಬ್ಬೆರಳಿನಷ್ಟು ಉದ್ದದ ಪಟ್ಟಿ. ನೀಲಿ ಬಣ್ಣದ ಇಂಗ್ಲಿಷ್ ಅಕ್ಷರಗಳು. ಈ ವಸ್ತುವಿನ ತಯಾರಿಕೆಯಲ್ಲಿ ಮಕ್ಕಳನ್ನು ದುಡಿಸಿಲ್ಲ ಎಂದು ಅದರ ಅರ್ಥ. ಪರ್ಸಿನ ಒಳಜೇಬಿನ ಬಾಯಿಗೆ ನಾಲ್ಕೂ ಕಡೆ ಹೊಲಿಗೆ ಹಾಕಬೇಕು, ಒಂದು ಎಳೆಯೂ ಸೊಟ್ಟ ಹೋಗಬಾರದು. ದಿನಕ್ಕೆ ಇನ್ನೂರು ಮುನ್ನೂರು ಪರ್ಸಿಗೆ ಅದನ್ನು ಹೊಲಿಯುತ್ತಿದ್ದೆ.

ಲೇಬಲ್ಲಿನ ಕಟ್ಟು ಬಂದ ವಾರವೇ ವಾಚ್‌ಮನ್ ಗೇಟಿನ ಕಂಬದ ಮೇಲೆ ಸುಣ್ಣದಲ್ಲಿ ಒಂದು ಅಡ್ಡಗೀಟು ಎಳೆದ. ಸೋಮವಾರ ಬೆಳಿಗ್ಗೆ ಹುಡುಗಿಯರೆಲ್ಲ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಒಳಗೆ ಬರಬೇಕಾಯಿತು. ಗೀಟಿನ ಕೆಳಗಿದ್ದವರು ವಾಪಸ್. ಕೆಲವರು ಅತ್ತರು. ಇಬ್ಬರು ಪುಟ್ಟ ಮಕ್ಕಳು ರಜಾ ಸಿಕ್ಕಿತೆಂದು ಕುಣಿಯುತ್ತಾ ಓಡಿದರು. "ಅವರೆಲ್ಲ ಇನ್ಮೇಲೆ ಸ್ಕೂಲಿಗೆ ಹೋಗ್ತಾರಮ್ಮಾ, ಒಳ್ಳೇದೇ ಆಯ್ತು," ಎಂದರು ರಾಯರು. ನಾನು ಯಾವ ಸ್ಕೂಲಿಗೆ ಎಂದು ಕೇಳಲಿಲ್ಲ.

ನಾಗು ಅವತ್ತು ನೆತ್ತಿಯ ಮೇಲೆ ತುರುಬು ಕಟ್ಟಿ, ಅದಕ್ಕೊಂದು ಮೊಳ ಮಲ್ಲಿಗೆ ಸುತ್ತಿಕೊಂಡು ಬಂದಿದ್ದಳು. ವಾಚ್‌ಮನ್ ಸ್ಕೇಲಿನಿಂದ ಹೂವನ್ನು ಒತ್ತಿ ಹಿಡಿದ. ತಲೆ ಗೀಟಿಗಿಂತ ಎರಡು ಬೆರಳು ಕೆಳಗಿತ್ತು.

"ಹೂವು ಬೆಳೆದಿದೆ ಪಾಪಾ, ನೀನು ಬೆಳೆದಿಲ್ಲ," ಎಂದ.

"ನಿನ್ನ ಮೀಸೆ ಬೆಳೆದಿದೆ, ಬುದ್ಧಿ ಬೆಳೆದಿದೆಯಾ?" ಎಂದಳು ಇವಳು. ಸಾಲಿನಲ್ಲಿದ್ದವರು ಗೊಳ್ಳೆಂದರು. ಆದರೂ ಒಳಗೆ ಬಿಡಲಿಲ್ಲ.

ಅನುಮಾನ ಇದ್ದವರನ್ನು ಡಾಕ್ಟರಿಗೆ ತೋರಿಸುತ್ತೇವೆ ಎಂದು ರಾಯರು ಹೇಳಿದ್ದರು. ಮೂರನೆಯ ದಿನ ಕಂಪನಿಯ ಡಾಕ್ಟರು ನಾಗುವಿನ ಬಾಯಿಗೆ ಟಾರ್ಚು ಬಿಟ್ಟು ದವಡೆ ಹಲ್ಲು ಎಣಿಸಿದರು. ಹದಿನಾರು ಖಂಡಿತ ಇದೆ, ಹದಿನೇಳೂ ಇರಬಹುದು ಎಂದು ಚೀಟಿ ಬರೆದು ಕೊಟ್ಟರು. ಆ ಚೀಟಿ ಹಿಡಿದು ನಾನೂ ಅವಳೂ ರಾಯರ ಮೇಜಿನ ಮುಂದೆ ನಿಂತೆವು. ಅವರು ಓದಿ, ಪೆನ್ನು ಕೈಗೆತ್ತಿಕೊಂಡರು.

"ಸರಿ, ನಾಳೆಯಿಂದ ಬರ್ಲಿ. ದಾರ ಕತ್ತರಿಸೋದಕ್ಕೇ ಹಾಕ್ತೀನಿ."

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯ ಇರುತ್ತಿರಲಿಲ್ಲ. ನನ್ನ ತಂಗಿ ನೆಲದ ಮೇಲೆ ಕೂರುವುದು ನನಗೆ ಇಷ್ಟವಿರಲಿಲ್ಲ. ಚೆಕಿಂಗ್ ಸೆಕ್ಷನ್ನಿನವರಿಗೆ ಮೇಜು, ಸ್ಟೂಲು, ಫ್ಯಾನು ಇತ್ತು.

"ಸಾರ್, ಅವಳು ಎಂಟನೇ ಕ್ಲಾಸ್ ಪಾಸು. ಇಂಗ್ಲಿಷ್ ಅಕ್ಷರ ಓದ್ತಾಳೆ. ಚೆಕಿಂಗ್‌ಗೆ ಹಾಕಿ ಸಾರ್."

"ಪಾಸಾ? ಪರವಾಗಿಲ್ವೇ! ಸರ್ಟಿಫಿಕೇಟ್ ಇದೆಯಾ?"

"ಇದೆ ಸಾರ್."

ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನವಾಗಿ ತಂದಿದ್ದ ಶಾಲೆಯ ಟಿ.ಸಿ.ಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ. ರಾಯರು ಓದಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡು ಓದಿದರು.

"ಏನಮ್ಮಾ ಇದು? ಇದರಲ್ಲಿ ಹದಿಮೂರು ಅಂತಿದೆ."

ಆ ಕಾಗದವನ್ನು ನಾನು ಎಷ್ಟೋ ಸಲ ಮುಟ್ಟಿದ್ದೆ. ಹುಟ್ಟಿದ ತಾರೀಖಿನ ಸಾಲನ್ನು ಮಾತ್ರ ಓದಿರಲಿಲ್ಲ. ತಂಗಿ ಹುಟ್ಟಿದಾಗ ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತಿದ್ದವಳು ನಾನು. ಅವಳ ವಯಸ್ಸನ್ನು ನಾನು ಯಾಕೆ ಓದಿ ತಿಳಿಯಬೇಕಿತ್ತು?

"ನಂಗೆ ಹದಿನಾರು ಸಾರ್. ಸತ್ಯಮಾ. ಡಾಕ್ಟರೇ ಬರೆದಿದ್ದಾರಲ್ಲ," ಎಂದಳು ನಾಗು.

"ಡಾಕ್ಟರ ಚೀಟಿ ಕಾಗದ ಇಲ್ಲದವರಿಗೆ ಅಮ್ಮಾ. ಕಾಗದ ಇದ್ರೆ ಕಾಗದವೇ. ನಾನು ನಂಬ್ತೀನಿ. ನಾನು ನಂಬಿದ್ರೆ ಏನು ಬಂತು? ನಾಳೆ ಬಯರ ಕಡೆಯವರು ಬಂದು ಫೈಲು ತೆಗೀತಾರೆ."

"ಆ ಕಾಗದ ನೋಡಿಲ್ಲ ಅಂದ್ಕೊಳ್ಳಿ ಸಾರ್," ಎಂದೆ.

"ನೋಡಿಬಿಟ್ಟೆನಲ್ಲಮ್ಮಾ."

ಅವರು ಡಾಕ್ಟರ ಚೀಟಿಯನ್ನು ಎರಡಾಗಿ ಮಡಿಸಿ ಡ್ರಾಯರಿಗೆ ಹಾಕಿದರು. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿ ಹೇಳಿದರು, "ಜನವರಿ ಇಪ್ಪತ್ತಾರಕ್ಕೆ ಹದಿನಾಲ್ಕು ತುಂಬತ್ತೆ. ಇಪ್ಪತ್ತೇಳಕ್ಕೆ ಬಾ ಕುಳಂದೆ. ಚೆಕಿಂಗ್‌ಗೇ ಹಾಕ್ತೀನಿ. ಪ್ರಾಮಿಸ್."

ಆ ಸಂಜೆ ಅಪ್ಪ ಒಪ್ಪಿಕೊಂಡರು. ಅವ್ವ ಸತ್ತ ಮೇಲೆ ನಾಗುವನ್ನು ಊರ ಶಾಲೆಗೆ ಸೇರಿಸುವಾಗ ಅವಳಿಗೆ ಎಂಟು ಮುಗಿಯುತ್ತಾ ಬಂದಿತ್ತು. ಹೆಡ್ ಮಾಸ್ತರು ಐದು ಎಂದು ಬರೆದರು. ತಾರೀಖು ನೆನಪಿರಲೆಂದು ಗಣರಾಜ್ಯದ ದಿನವನ್ನೇ ಹಾಕಿದರು. ನಮ್ಮ ಕಡೆ ಹಾಗೆ ಬರೆಸದವರೇ ಕಡಿಮೆ.

"ಸರ್ಕಾರಿ ಕೆಲ್ಸ ಸಿಕ್ರೆ ಮೂರು ವರ್ಸ ಸರ್ವೀಸು ಜಾಸ್ತಿ ಸಿಕ್ತದೆ ಅಂದ್ರು ಕಣವ್ವ ಮೇಷ್ಟ್ರು. ನಾನೂ ಹೂಂ ಅಂದೆ. ಅವಳು ಟೀಚರಾಗ್ಲಿ ಅಂತಿದ್ದೆ," ಎಂದರು ಅಪ್ಪ.

"ಟೀಚರಂತೆ!" ಎಂದಳು ನಾಗು. "ಅಪ್ಪಾ, ಇನ್ನೊಂದು ಹತ್ತು ವರ್ಷ ಕಮ್ಮಿ ಬರೆಸಿದ್ರೆ ಇವತ್ತು ಎತ್ತಿಕೊಂಡು ಹೋಗ್ಬಹುದಿತ್ತು ನನ್ನ."

ಮರುದಿನ ಅಪ್ಪ ತಾವೇ ರಾಯರ ಬಳಿ ಹೋದರು. ನಮ್ಮೂರ ಕೆರೆ ಕೋಡಿ ಬಿದ್ದ ವರ್ಷ ಅವಳು ಹುಟ್ಟಿದ್ದು, ಬೇಕಾದರೆ ಊರಿನವರನ್ನು ಕೇಳಿ ಎಂದರು. "ಕೆರೆ ಕೋಡಿ ಬಿದ್ದದ್ದಕ್ಕೆ ಸರ್ಟಿಫಿಕೇಟ್ ಇದೆಯಾ ಅಯ್ಯಾ?" ಎಂದು ರಾಯರು ಕೇಳಿದರು. ಆಫೀಸಿನವರೆಲ್ಲ ನಕ್ಕರು. ಅವರೆಲ್ಲ ನಗುತ್ತಿದ್ದುದರಿಂದ ಅಪ್ಪನೂ ನಕ್ಕರು. ನಾನು ಬಾಗಿಲ ಹೊರಗೆ ಪರ್ಸಿನ ಬುಟ್ಟಿ ಹಿಡಿದು ನಿಂತಿದ್ದೆ.

ಜನವರಿ ಬರಲು ಏಳು ತಿಂಗಳಿತ್ತು. ಮನೆಯಲ್ಲಿ ನನ್ನೊಬ್ಬಳ ಸಂಬಳ. ನಮ್ಮ ಬೀದಿಯಿಂದ ಎರಡು ಬೀದಿ ಆಚೆ ದೊರೈ ಮೇಸ್ತ್ರಿ ಎಂಬವನು ಒಂದು ಶೆಡ್ಡು ನಡೆಸುತ್ತಿದ್ದ. ಯಾವ ಕಾಗದವನ್ನೂ ಕೇಳದ ಜಾಗ ಅದು. ಜುಲೈನಿಂದ ನಾಗು ಅಲ್ಲಿಗೆ ಹೋಗತೊಡಗಿದಳು. ಸಮುದ್ರಕ್ಕೆ ಹತ್ತಿರ, ತಗಡಿನ ಮಾಡು. ಗಾಳಿಗೆ ಮರಳು ಬಂದು ಅಂಟಿಗೆ ಮೆತ್ತಿಕೊಳ್ಳುತ್ತದೆಂದು ಇದ್ದ ಎರಡು ಕಿಟಕಿಗೂ ರಟ್ಟು ಹೊಡೆದಿದ್ದರು. ಬೆರಳಲ್ಲಿ ಅಂಟು ತೆಗೆದು ಚರ್ಮಕ್ಕೆ ಸವರಿ, ಒಳಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಕೂರಿಸಬೇಕು. ಅಂಟಿಗೆ ಅವರು ಸೊಲ್ಯೂಷನ್ ಎನ್ನುತ್ತಿದ್ದರು. ಸಂಜೆ ಅವಳು ಮನೆಗೆ ಬಂದರೆ ಆ ವಾಸನೆ ಅವಳಿಗಿಂತ ಮೊದಲು ಒಳಗೆ ಬರುತ್ತಿತ್ತು. ಅನ್ನ ಕಲಸಿದರೆ ಅನ್ನಕ್ಕೂ ಅದೇ ವಾಸನೆ.

ಮೊದಲ ದಿನವೇ ಬಂದು ಹೇಳಿದಳು, "ಅಕ್ಕಾ, ಸುಣ್ಣದ ಗೀಟಿನ ಕೆಳಗಿನವರೆಲ್ಲ ಅಲ್ಲೇ ಇದ್ದಾರೆ. ನಿಮ್ಮ ರಾಯರು ಹೇಳಿದ ಸ್ಕೂಲು ಅದೇ. ನಾನೇ ಕ್ಲಾಸ್ ಲೀಡರ್. ಎಲ್ಲರಿಗಿಂತ ಎತ್ತರ!"

ನಾನು ನಗಲಿಲ್ಲ. ಅವಳೇ ಒಬ್ಬಳು ನಕ್ಕು, ಆಮೇಲೆ ಇನ್ನೊಂದು ಮಾತು ಹೇಳಿದಳು.

"ಇನ್ನೊಂದು ಗೊತ್ತಾ? ನಾವು ಅಂಟಿಸೋದು ನಿಮ್ಮ ಕಂಪನಿ ಪರ್ಸೇ. ವ್ಯಾನು ಬಂದು ತಗೊಂಡು ಹೋಗತ್ತೆ. ನಾಳೆ ಬುಟ್ಟೀಲಿ ನೋಡು. ಮೂಲೆ ನೀಟಾಗಿ ಕೂತಿದ್ರೆ ನಂದು. ವಕ್ರ ಇದ್ರೆ ನನ್ನ ಪಕ್ಕ ಕೂರೋ ಪುಟ್ಟ ಸೆಲ್ವೀದು, ಪಾಪ ಅವಳ ಬೆರಳು ಇನ್ನೂ ಸಣ್ಣದು."

ಮರುದಿನ ನೋಡಿದೆ. ಬುಟ್ಟಿಯ ಪರ್ಸುಗಳನ್ನು ಬಿಚ್ಚಿದರೆ ಒಳಗಿನಿಂದ ನನ್ನ ತಂಗಿಯ ಕೈಯ ವಾಸನೆ ಬರುತ್ತಿತ್ತು. ಮೂಲೆಗಳು ನೀಟಾಗಿದ್ದವು. ಅದರ ಮೇಲೆ ಬಿಳಿ ಪಟ್ಟಿ ಇಟ್ಟು, ನಾಲ್ಕೂ ಕಡೆ ನೇರವಾಗಿ ಹೊಲಿದೆ. ಸುಳ್ಳು ಹೊಲಿಯುತ್ತಿದ್ದೇನೆ ಎಂದು ಗೊತ್ತಿತ್ತು. ಇವಳು ಮಗುವಲ್ಲ, ಹದಿನಾರು ತುಂಬಿದವಳು, ಆದ್ದರಿಂದ ಅವಳ ಪರ್ಸಿನ ಮಟ್ಟಿಗೆ ಲೇಬಲ್ಲು ನಿಜವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸೆಲ್ವಿಯ ಪರ್ಸು ಕೈಗೆ ಬಂದಾಗ ಏನೂ ಹೇಳಿಕೊಳ್ಳದೆ ಹೊಲಿದೆ. ಜುಲೈ ಹೋಯಿತು. ಆಗಸ್ಟಿನಲ್ಲಿ ನಾಗುವಿಗೆ ಹದಿನೇಳು ತುಂಬಿತು. ಪಾಯಸ ಮಾಡಿದ್ದೆ. ಬಾಯಿ ಕಹಿಯಾಗಿದೆ ಎಂದು ಅರ್ಧ ಲೋಟ ಬಿಟ್ಟಳು.

ಅಕ್ಟೋಬರ್ ಕೊನೆಗೆ ಮಳೆ ಹಿಡಿಯಿತು. ತಿರುವೊಟ್ಟಿಯೂರಿನ ಬೀದಿಗಳಲ್ಲಿ ಮೊಣಕಾಲುದ್ದ ನೀರು. ಮೀನಿನ ಬುಟ್ಟಿಗಳು, ಚಪ್ಪಲಿಗಳು ತೇಲಿಕೊಂಡು ಬರುತ್ತಿದ್ದವು. ಮಳೆ ಎಂದು ಶೆಡ್ಡಿನ ಬಾಗಿಲನ್ನೂ ಮುಚ್ಚಿಕೊಂಡು ಕೆಲಸ ಮಾಡಿಸುತ್ತಿದ್ದರು. ನಾಗು ಆ ನೀರಿನಲ್ಲಿ ನಡೆದು ಬಂದು ಹೊಸ್ತಿಲ ಮೇಲೆ ಹಾಗೇ ಕೂತುಬಿಡುತ್ತಿದ್ದಳು. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಇದ್ದಿಲ ಪುಡಿ ಬೇಡ, ಪೇಸ್ಟು ತರುತ್ತೇನೆ ಎಂದೆ. ನನಗೆ ತಿಳಿದದ್ದು ಅಷ್ಟೇ.

ಒಂದು ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚಿ, ಬೆನ್ನು ಉಜ್ಜುವಾಗ ನೋಡಿದೆ. ತೋಳಿನ ಮೇಲೆ, ಸೊಂಟದ ಪಕ್ಕ, ತೊಡೆಯ ಮೇಲೆ ನೀಲಿ ಕಲೆಗಳು. ಯಾರೋ ಹಿಡಿದು ಚಿವುಟಿದ ಹಾಗೆ.

"ಯಾರೇ ಇದು ಮಾಡಿದ್ದು?"

"ಯಾರೂ ಇಲ್ಲ ಅಕ್ಕಾ."

"ಮೇಸ್ತ್ರಿಯಾ?"

"ಅಯ್ಯೋ, ಅವನು ನಂಗೆ ತಾತನ ಹಾಗೆ. ಯಾರೂ ಇಲ್ಲ ಅಂದ್ನಲ್ಲ. ತಾನಾಗೇ ಬರತ್ತೆ."

"ತಾನಾಗೇ ಬರತ್ತಾ? ಯಾರ ಹತ್ರ ಸುಳ್ಳು ಹೇಳ್ತಿದ್ದೀಯ? ಇಷ್ಟೆಲ್ಲ ಮೈ ಮುಟ್ಟಿಸಿಕೊಂಡು..."

ಅವಳು ನನ್ನ ಮುಖ ನೋಡಿದಳು. ನಾನು ಆಡಿದ್ದು ಅವಳಿಗೆ ಅರ್ಥವಾಯಿತು. ಎದ್ದು ಹೋಗಲು ನೋಡಿದಳು. ನಾನು ಎಳೆದು ಕೂರಿಸಿ, ಎಣ್ಣೆಗೈಯಲ್ಲೇ ಎಡಗೆನ್ನೆಗೆ ಬಾರಿಸಿದೆ. ಅವಳಿಗೆ ನಾನು ಹೊಡೆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವಳ ಕೆನ್ನೆಯ ಮೇಲೆ ನನ್ನ ಐದೂ ಬೆರಳು ನೀಲಿಯಾಗಿ ಮೂಡಿದ್ದವು. ಸಂಜೆಗೆ ಕಪ್ಪಾದವು. ಒಂದು ವಾರ ಕಳೆದರೂ ಮಾಯಲಿಲ್ಲ. ಆಗಲೇ ನಾನು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದದ್ದು. ಶೆಡ್ಡಿನಿಂದ ಮೇಸ್ತ್ರಿಯೂ ಜೊತೆಗೆ ಬಂದ. ಒಳ್ಳೆಯತನಕ್ಕೆ ಬಂದ ಎಂದುಕೊಂಡಿದ್ದೆ.

ವಾರ್ಡಿನ ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದ. ಆಮೇಲೆ ಅವಳ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ಏನು ಕೆಲಸ ಮಾಡ್ತಾಳೆ? ವಯಸ್ಸೆಷ್ಟು?"

"ಮನೇಲಿರ್ತಾಳೆ ಡಾಕ್ಟರ್. ಹದಿನೆಂಟು," ಎಂದ ಮೇಸ್ತ್ರಿ.

ಡಾಕ್ಟರು ಅವನನ್ನು ನೋಡಿ ಏನೂ ಬರೆಯಲಿಲ್ಲ. ಎರಡು ದಿನ ಬಿಟ್ಟು, ರಕ್ತದ ಪರೀಕ್ಷೆಗಳೆಲ್ಲ ಬಂದ ಮೇಲೆ, ನನ್ನೊಬ್ಬಳನ್ನೇ ಮೆಟ್ಟಿಲ ಬಳಿ ಕರೆದ. ಎಲುಬಿನೊಳಗೆ ರಕ್ತ ಹುಟ್ಟುವುದು ನಿಂತಿದೆ, ಆ ಅಂಟಿನ ಗಾಳಿಯಿಂದ ಹಾಗಾಗುತ್ತದೆ, ಹೊರಗಿನಿಂದ ರಕ್ತ ಕೊಡುತ್ತಾ ಇರಬೇಕು ಎಂದ. ಉಳಿಯುತ್ತಾಳೆ ಎಂದು ಹೇಳಲಿಲ್ಲ.

"ಅವಳಿಗೆ ಹದಿನಾಲ್ಕು ಆಗಿಲ್ಲ ಅನ್ನೋದಕ್ಕೆ ಕಾಗದ ಇದೆಯಾ? ಇದ್ದರೆ ತಂದುಕೊಡಿ. ಮಗು ಅಂತಾದರೆ ನಾನು ಲೇಬರ್ ಆಫೀಸಿಗೆ ಬರೀತೀನಿ, ಶೆಡ್ಡು ಮುಚ್ಚಿಸಬಹುದು. ದೊಡ್ಡವಳು ಅಂತಾದರೆ ನನ್ನ ಕಾಗದಾನ ಯಾರೂ ಕೇಳಲ್ಲ. ಚೀಟಿಯಲ್ಲಿ ವಯಸ್ಸಿನ ಜಾಗ ಖಾಲಿ ಬಿಟ್ಟಿದ್ದೀನಿ."

ಮನೆಗೆ ಹೋಗಿ ಟಿ.ಸಿ.ಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ಕೊಡಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ರಕ್ತ ಕೊಡಲು ಜನ ತರತೊಡಗಿದ್ದ. ಶೆಡ್ಡಿನ ವ್ಯಾನಿನವನು, ಅವನ ತಮ್ಮ, ಇಬ್ಬರು ಮೀನುಗಾರರು. ಅವನು ಕರೆತಂದ ದಿನ ಅವಳ ತುಟಿಗೆ ಬಣ್ಣ ಬರುತ್ತಿತ್ತು. ಬಾರದ ದಿನ ಮೂಗಿನಿಂದ ರಕ್ತ ಸೋರುತ್ತಿತ್ತು. ಶೆಡ್ಡು ಮುಚ್ಚಿಸಿದರೆ ಅವನು ಯಾಕೆ ಬರುತ್ತಾನೆ? ನಮಗೆ ಆ ಊರಿನಲ್ಲಿ ರಕ್ತ ಕೊಡುವವರು ಬೇರೆ ಯಾರಿದ್ದರು?

ನಾಗು ಮಲಗಿದಲ್ಲೇ ವಾರ್ಡಿನವರನ್ನೆಲ್ಲ ಪರಿಚಯ ಮಾಡಿಕೊಂಡಳು. ನರ್ಸುಗಳಿಗೆ ಕೆನ್ನೆ ತೋರಿಸಿ, "ಇದು ನಮ್ಮಕ್ಕನ ಕೈ. ನೀಟಾಗಿದೆ ಅಲ್ವಾ? ನಮ್ಮಕ್ಕ ಏನು ಮಾಡಿದ್ರೂ ನೇರ," ಎನ್ನುತ್ತಿದ್ದಳು. ಅವರು ನಗುತ್ತಿದ್ದರು. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಲ್ಲುತ್ತಿದ್ದೆ.

ರಾಯರು ಹಾರ್ಲಿಕ್ಸ್ ಬಾಟಲು ಹಿಡಿದು ಬಂದರು. ಅವಳ ಹಣೆ ಮುಟ್ಟಿದರು. ಅವರ ಕಣ್ಣು ನಿಜವಾಗಿಯೇ ತುಂಬಿತ್ತು. ವರಾಂಡಕ್ಕೆ ಬಂದ ಮೇಲೆ ಹೇಳಿದರು, "ಗುರುವಾರ ಬಯರ ಕಡೆಯವರು ಬರ್ತಾರಮ್ಮಾ. ಲೇಬಲ್ ಹೊಲಿಯೋಳು ನೀನಾದ್ದರಿಂದ ನಿನ್ನನ್ನೇ ಒಂಟಿಯಾಗಿ ಕೇಳ್ತಾರೆ. ನಾನು ಇದು ಹೇಳು, ಅದು ಹೇಳು ಅನ್ನಲ್ಲ. ಐನೂರು ಜನರ ಹೊಟ್ಟೆ, ಅಷ್ಟು ನೆನಪಿಟ್ಕೋ. ಇವಳಿಗೆ ಜನವರೀಲಿ ಜಾಗ ಇದ್ದೇ ಇದೆ."

ಗುರುವಾರ ಬೆಳಿಗ್ಗೆ ಮೇಸ್ತ್ರಿ ಇಬ್ಬರನ್ನು ಕರೆತಂದು ಎರಡು ಬಾಟಲು ರಕ್ತ ಕೊಡಿಸಿದ್ದ. ನಾನು ಅದು ಹನಿಯುವುದನ್ನು ನೋಡಿ ಕಂಪನಿಗೆ ಹೋದೆ. ರಾಯರ ಕೋಣೆಯಲ್ಲಿ ಬಿಳಿಯ ಹೆಂಗಸೊಬ್ಬಳು ಕೂತಿದ್ದಳು. ನಮ್ಮ ಕಡೆಯ ಅತ್ತೆಯರ ಹಾಗೆ ದಪ್ಪಗೆ, ಬೆವರುತ್ತಾ. ಪಕ್ಕದಲ್ಲಿ ಮಾತು ತಿರುಗಿಸಿ ಹೇಳಲು ಒಬ್ಬಳು ಕಾಲೇಜು ಹುಡುಗಿ. ರಾಯರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದಳು. ಹೆದರಬೇಡ, ನೀನು ಹೇಳಿದ್ದು ಇಲ್ಲಿಂದ ಹೊರಗೆ ಹೋಗುವುದಿಲ್ಲ ಎಂದು ಹುಡುಗಿ ತಮಿಳಿನಲ್ಲಿ ಹೇಳಿದಳು.

"ನೀವು ಲೇಬಲ್ ಹೊಲಿಯುವ ಪರ್ಸುಗಳು ಇಲ್ಲಿ ಅಥವಾ ಹೊರಗೆಲ್ಲಾದರೂ ಮಕ್ಕಳ ಕೈಯಲ್ಲಿ ಆಗುತ್ತವೆಯೆ?"

"ಇಲ್ಲ."

"ನಿಮಗೆ ಖಚಿತವಾಗಿ ಗೊತ್ತೆ?"

"ಗೊತ್ತು."

ಹೆಂಗಸು ಪೆನ್ನು ಕೆಳಗಿಟ್ಟು ನನ್ನ ಮುಖವನ್ನು ನೋಡಿದಳು. ನಾನು ದಣಿದ ಹಾಗೆ ಕಂಡಿರಬೇಕು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿಸಿದಳು. ಅಪ್ಪ, ತಂಗಿ ಎಂದೆ.

"ತಂಗಿಗೆ ಎಷ್ಟು ವಯಸ್ಸು?"

"ಹದಿನೇಳು."

ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಹೆಂಗಸು ತಲೆಯಾಡಿಸಿ ಬರೆದುಕೊಂಡಳು. ಆ ವರ್ಷ ನನ್ನ ತಂಗಿಯ ವಯಸ್ಸನ್ನು ನಾನು ಹೇಳಿದ ಹಾಗೆಯೇ, ಕಾಗದ ಕೇಳದೆ, ಮೊದಲು ನಂಬಿದವಳು ಅವಳು. ಏಳುವಾಗ ನನ್ನ ಎರಡೂ ಕೈ ಹಿಡಿದು ಏನೋ ಹೇಳಿದಳು. ನಿಮ್ಮಂಥವರು ಇರುವುದರಿಂದ ಆ ಲೇಬಲ್ಲಿಗೆ ಅರ್ಥ ಇದೆ ಎನ್ನುತ್ತಿದ್ದಾರೆ ಎಂದು ಹುಡುಗಿ ವಿವರಿಸಿದಳು.

ಡಿಸೆಂಬರ್ ನಡುವಿನಲ್ಲಿ ಮಳೆ ನಿಂತಿತು. ಒಂದು ಬೆಳಿಗ್ಗೆ ನಾಗು ನೀರು ಕೇಳಿದಳು. ಕುಡಿಸುವಾಗ, "ಚೆಕಿಂಗ್ ಸೆಕ್ಷನ್ನಲ್ಲಿ ಫ್ಯಾನು ಯಾರ ಮೇಲೆ ಬರತ್ತೆ ಅಕ್ಕಾ, ನೋಡ್ಕೊಂಡು ನಂಗೊಂದು ಸ್ಟೂಲ್ ಹಿಡಿದಿಡು," ಎಂದಳು. ಇನ್ನೂ ಏನೋ ಹೇಳುತ್ತಿದ್ದಳು. ನೀರು ತುಟಿಯ ಪಕ್ಕದಿಂದ ಇಳಿಯಿತು. ಸ್ವಲ್ಪ ಹೊತ್ತಾದ ಮೇಲೆ ನರ್ಸು ಬಂದು ನನ್ನ ಕೈಯಿಂದ ಲೋಟ ತೆಗೆದಿಟ್ಟಳು.

ಹೆಣ ಬಿಡಿಸಿಕೊಳ್ಳುವ ಕೌಂಟರಿನಲ್ಲಿ ವಯಸ್ಸಾದ ಗುಮಾಸ್ತರೊಬ್ಬರಿದ್ದರು. ನಮ್ಮ ಹಿಂದೆ ಗೋಡೆಯ ಪಕ್ಕ ನಾಗುವಿನ ಸ್ಟ್ರೆಚರ್ ನಿಲ್ಲಿಸಿದ್ದರು. ಡಾಕ್ಟರ ಚೀಟಿಯನ್ನು ನೋಡಿ ನೋಡಿ ಅವರು ದೊಡ್ಡ ಪುಸ್ತಕದಲ್ಲಿ ಬರೆಯುತ್ತಾ ಹೋದರು. ಹೆಸರು, ಅಪ್ಪನ ಹೆಸರು, ಬೀದಿ.

"ವಯಸ್ಸು ಬರೆದೇ ಇಲ್ಲವಲ್ಲ. ಎಷ್ಟು?"

ಮೇಸ್ತ್ರಿ ಈ ಸಲ ಬಾಯಿ ಬಿಡಲಿಲ್ಲ. ನನ್ನ ಕಡೆ ನೋಡುತ್ತಾ ನಿಂತ. ಇನ್ನು ಅವನ ರಕ್ತ ನಮಗೆ ಬೇಕಾಗಿರಲಿಲ್ಲ. ನನ್ನ ಕೈ ಬ್ಯಾಗಿನೊಳಗೆ ಹೋಗಿ ಪ್ಲಾಸ್ಟಿಕ್ ಕವರನ್ನು ಹಿಡಿದಿತ್ತು. ಅದನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟರೆ ಹದಿಮೂರು. ಡಾಕ್ಟರು ಮಹಡಿಯಲ್ಲೇ ಇದ್ದರು. ಸಂಜೆಯೊಳಗೆ ಪತ್ರ ಹೋಗುತ್ತಿತ್ತು.

ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು.

"ಬ್ಯಾಡ ಕಣವ್ವ. ಅದು ನಾನು ಬರೆಸಿದ್ದು. ಇಲ್ಲಾದ್ರೂ ಅವಳ ವಯಸ್ಸು ಅವಳಿಗಿರ್ಲಿ."

ಅಪ್ಪನ ಮಾತಿಗೆ ಸುಮ್ಮನಾದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ಪತ್ರ ಮೊದಲು ಶೆಡ್ಡಿಗೆ ಹೋಗುತ್ತದೆ, ಶೆಡ್ಡಿನಿಂದ ಕಂಪನಿಗೆ ಬರುತ್ತದೆ, ಮಕ್ಕಳ ಕೈಯಲ್ಲಿ ಆಗುವುದಿಲ್ಲ ಎಂದು ಆ ಹೆಂಗಸಿಗೆ ಹೇಳಿದ ನನ್ನ ಮಿಷನ್ನಿಗೆ ಬಂದು ನಿಲ್ಲುತ್ತದೆ. ಇದೆಲ್ಲವನ್ನೂ ನಾನು ಆ ಕೌಂಟರಿನ ಮುಂದೆ, ತಂಗಿಯ ಕಾಲ ಬಳಿ ನಿಂತು ಯೋಚಿಸಿದೆ. ಅಪ್ಪನ ಕಾರ್ಖಾನೆಯ ಬೀಗ ಇನ್ನೂ ತೆಗೆದಿರಲಿಲ್ಲ.

"ಹದಿನೇಳು," ಎಂದೆ.

ಗುಮಾಸ್ತರು ಕನ್ನಡಕದ ಮೇಲಿನಿಂದ ಸ್ಟ್ರೆಚರಿನ ಕಡೆ ಬಗ್ಗಿ ನೋಡಿದರು.

"ಹದಿನೇಳಾ? ನೋಡಿದ್ರೆ ಹಾಗೆ ಕಾಣಲ್ಲಮ್ಮಾ. ಸರಿಯಾಗಿ ಹೇಳು."

"ಹದಿನೇಳು ಸಾರ್. ನಾನು ಅವಳ ಅಕ್ಕ."

ಅವರು ಬರೆದರು. ಶಾಯಿ ಒಣಗಲೆಂದು ಪುಸ್ತಕವನ್ನು ತೆರೆದೇ ಇಟ್ಟರು. ಅಪ್ಪ ಬಗ್ಗಿ ಆ ಅಂಕಿಯನ್ನು ನೋಡಿ, ಗೋಡೆಗೆ ಮುಖ ಮಾಡಿ ಅಳತೊಡಗಿದರು. ಮೇಸ್ತ್ರಿ ಒಂದು ದೊಡ್ಡ ಉಸಿರು ಬಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ಗಾಡಿ ನೋಡಿ ಬರುತ್ತೇನೆಂದು ಹೊರಗೆ ಹೋದ. ತೆರೆದ ಕಿಟಕಿಯಿಂದ ಅವನು ವ್ಯಾನಿನವನೊಂದಿಗೆ ವಾದಿಸುತ್ತಿದ್ದುದು ಸ್ಪಷ್ಟವಾಗಿ ಕೇಳುತ್ತಿತ್ತು.

"ಅಷ್ಟು ದೊಡ್ಡ ಗಾಡಿ ಯಾಕಪ್ಪಾ? ಸಣ್ಣ ಮಗು ತಾನೇ. ಆಟೋದಲ್ಲೇ ಹಿಡಿಸ್ತಾಳೆ."